ಮುಂದಿನ ಸಾಲಿನ ಕುರ್ಚಿ

ನಾಲ್ಕು ಗಂಟೆಗೆ ಹಿಂದಿನ ಗೇಟಿಗೆ ಬನ್ನಿ, ನನ್ನ ಹೆಸರು ಹೇಳಿ, ಮೊದಲು ಒಳಗೆಲ್ಲ ನೋಡಿ, ಆಮೇಲೆ ಮುಂದಿನ ಸಾಲಿನಲ್ಲಿ ಕೂರುವಿರಂತೆ ಎಂದು ಬಟ್ಟೆಯ ಡಿಸೈನರ್ ಇಶಾನ್ ಮೇಲ್‌ನಲ್ಲಿ ಬರೆದಿದ್ದ. ತ್ರಿವೇಣಿ ಹೊತ್ತಿಗೆ ಮುಂಚೆಯೇ ಬಂದು ಹೋಟೆಲಿನ ಕಾಂಪೌಂಡಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದಳು. ಸಂಡೂರಿನ ಕಡೆಯಿಂದ ಅದಿರು ತುಂಬಿದ ಟಿಪ್ಪರ್‌ಗಳು ಒಂದರ ಹಿಂದೊಂದು ಬರುತ್ತಿದ್ದವು. ಪ್ರತಿ ಟಿಪ್ಪರ್ ದಾಟಿದಾಗಲೂ ಸೆರಗಿನಿಂದ ಮೂಗು ಮುಚ್ಚಿಕೊಂಡು, ಧೂಳು ಇಳಿದ ಮೇಲೆ ತೆಗೆದು, ಮನಸ್ಸಿನಲ್ಲೇ ಆ ಒಂದು ಮಾತನ್ನು ಮತ್ತೆ ಹೇಳಿಕೊಳ್ಳುತ್ತಿದ್ದಳು. ನೈರಾ ಅಂದರೆ ನಾನೇ. ಇಷ್ಟೇ. ಇಷ್ಟು ಹೇಳಿದರೆ ಮುಗಿಯಿತು. ಜಗತ್ತಿನಲ್ಲಿ ಒಬ್ಬನಿಗಾದರೂ ಗೊತ್ತಾಗಬೇಕು, ಆಮೇಲೆ ಅವನು ನಗಲಿ, ಬೈಯಲಿ, ಊರಿಗೆಲ್ಲ ಸಾರಲಿ. ಇಂಗ್ಲಿಷಿನಲ್ಲಿ ಹೇಳಬೇಕೋ ಕನ್ನಡದಲ್ಲೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದರೆ ಸುಳ್ಳಿನಂತೆ ಕೇಳುತ್ತಿತ್ತು, ಕನ್ನಡದಲ್ಲಿ ಹೇಳಿದರೆ ಹುಚ್ಚಿನಂತೆ. ನೈರಾ ಏನು ಉಟ್ಟು ಬರುತ್ತಿದ್ದಳು ಎಂದು ವಾರವೆಲ್ಲ ಯೋಚಿಸಿ, ಬೀರುವಿನ ಸೀರೆಗಳನ್ನೆಲ್ಲ ಮಂಚದ ಮೇಲೆ ಹರವಿ, ಕೊನೆಗೆ ಇಟ್ಟಿಗೆ ಬಣ್ಣದ ಹತ್ತಿಯ ಸೀರೆ ಉಟ್ಟು ಬಂದಿದ್ದಳು. ಹೊಸಪೇಟೆಯಲ್ಲಿ ಆಗ ಯಾವ ಬಣ್ಣ ಉಟ್ಟು ಹೊರಬಿದ್ದರೂ ಮನೆಗೆ ಮರಳುವ ಹೊತ್ತಿಗೆ ಅದೇ ಬಣ್ಣವಾಗುತ್ತಿತ್ತು.

ನೈರಾ ಹುಟ್ಟಿದ್ದು ಗಂಡನ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ. ವೀರೇಶನ ಟಿಪ್ಪರ್‌ಗಳ ಟ್ರಿಪ್ಪು ಬರೆದಿಡಲೆಂದು ಮನೆಯ ಮುಂದಿನ ಕೋಣೆಗೆ ಕಂಪ್ಯೂಟರ್ ತಂದಾಗ ಅದರ ಮೇಲೆ ಮುಚ್ಚಲು ತ್ರಿವೇಣಿಯೇ ಹಳೆಯ ದುಪ್ಪಟದಿಂದ ಗವುಸು ಹೊಲಿದಿದ್ದಳು. ಮಧ್ಯಾಹ್ನ ವೀರೇಶ ಸಂಡೂರಿಗೆ ಹೋಗಿ, ಅತ್ತೆ ಮುದುಕಮ್ಮ ಊಟ ಮಾಡಿ ಅಡ್ಡಾದ ಮೇಲೆ ಆ ಗವುಸು ತೆಗೆದರೆ ಸಂಜೆಯವರೆಗೆ ಯಾರ ಹಂಗೂ ಇರಲಿಲ್ಲ. ಮೊದಮೊದಲು ತನ್ನ ಹೆಸರಿನಲ್ಲೇ ಬ್ಲಾಗು ಬರೆದಳು, ಕಂಪ್ಲಿಯಲ್ಲಿ ಅವ್ವ ಉಡುತ್ತಿದ್ದ ಸೀರೆಗಳ ಅಂಚಿನ ಬಗ್ಗೆ. ಒಂದು ನರಪಿಳ್ಳೆಯೂ ಓದಲಿಲ್ಲ. ಆಮೇಲೊಂದು ದಿನ, ಟಿವಿಯಲ್ಲಿ ಸದ್ದು ಆರಿಸಿ ನೋಡುತ್ತಿದ್ದ ಫ್ಯಾಷನ್ ಷೋ ಬಗ್ಗೆ ಬರೆಯುವಾಗ ಕೈತಪ್ಪಿ ಎಂಬಂತೆ 'ನಾನು ಎರಡನೆಯ ಸಾಲಿನಲ್ಲಿ ಕೂತಿದ್ದೆ' ಎಂದುಬಿಟ್ಟಳು. ಅಂದು ಒಂದೇ ಮಧ್ಯಾಹ್ನ ಎಲ್ಲೆಲ್ಲಿಂದಲೋ ಮೆಚ್ಚುಗೆ ಬಂತು. ಎರಡನೆಯ ಸಾಲಿನಲ್ಲಿ ಕೂತವಳಿಗೆ ಒಂದು ಊರು ಬೇಕಲ್ಲ, ಮುಂಬಯಿ ಬಂತು. ಹೆಸರು ಬೇಕಲ್ಲ, ನೈರಾ ಬಂದಳು. ಒಂದು ಸುಳ್ಳಿಗೆ ಹತ್ತು ಸುಳ್ಳು ಎಂಬ ಮಾತು ಸುಳ್ಳೇನಲ್ಲ. ರ್‍ಯಾಂಪಿನ ಹಿಂದೆ ಗ್ರೀನ್‌ರೂಮಿನಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ, ಬಿಳಿಯ ಹೂಗಳ ವಾಸನೆಯಿರುತ್ತದೆ, ಹುಡುಗಿಯರು ದೇವರ ಮುಂದೆ ನಿಂತವರ ಹಾಗೆ ಕನ್ನಡಿಯ ಮುಂದೆ ನಿಂತಿರುತ್ತಾರೆ ಎಂದೆಲ್ಲ ಬರೆದಳು. ಬರೆಯುವಾಗ ಆ ವಾಸನೆ ಅವಳ ಮೂಗಿಗೆ ನಿಜವಾಗಿಯೂ ಬರುತ್ತಿತ್ತು. ಆದರೆ ಬಟ್ಟೆಯ ಬಗ್ಗೆ ಅವಳು ಸುಳ್ಳು ಬರೆದವಳಲ್ಲ. ಇಶಾನ್‌ನ ಮೊದಲ ಷೋ ಬಗ್ಗೆ ಪತ್ರಿಕೆಯವರೆಲ್ಲ ಮೂಗು ಮುರಿದಾಗ, ಅವನು ಅಂಚನ್ನು ತಲೆಕೆಳಗು ಮಾಡಿ ಹೊಲಿದದ್ದನ್ನು ಕಂಡು ಬರೆದವಳು ನೈರಾ ಒಬ್ಬಳೇ. ಅವನು ಬೆಂಗಳೂರಿನಿಂದ ಮೇಲ್ ಮಾಡಿದ. ಹಾಗೇ ಮಾತು ಬೆಳೆಯಿತು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಅಂತಾರಲ್ಲ, ಒಂದಲ್ಲ ಒಂದು ದಿನ ಎದುರುಬದುರಾಗುವುದು ಇದ್ದೇ ಇತ್ತು. ಅದು ಹೊಸಪೇಟೆಯಲ್ಲೇ ಆದೀತು, ತನ್ನ ಮನೆಯಿಂದ ಆಟೋ ಕೂಡ ಬೇಡದಷ್ಟು ಹತ್ತಿರದಲ್ಲಿ, ಅಂತ ಮಾತ್ರ ಅವಳಿಗೆ ಕನಸೂ ಬಿದ್ದಿರಲಿಲ್ಲ. ಗಣಿ ಸಾವಕಾರರೊಬ್ಬರು ಹೊಸ ಹೋಟೆಲ್ ಕಟ್ಟಿಸಿದ್ದರು. ಉದ್ಘಾಟನೆಗೆ ಹಂಪಿಯ ಕಲ್ಲಿನ ಬಣ್ಣ, ಸಂಡೂರಿನ ಲಂಬಾಣಿ ಕಸೂತಿ ಇಟ್ಟುಕೊಂಡು ಇಶಾನ್‌ನ ಷೋ ಇಡಿಸಿದ್ದರು. 'ವಿಮಾನ ಇಳಿದು ಅಷ್ಟು ದೂರ ಕಾರಿನಲ್ಲಿ ಬರುವುದು ನಿಮಗೆ ತ್ರಾಸ, ಆದರೂ ಬನ್ನಿ' ಎಂದು ಅವನು ಬರೆದಿದ್ದ. 'ಬರುತ್ತೇನೆ' ಎಂದು ಇವಳು ಬರೆದಳು.

ಗೇಟಿನ ವಾಚ್‌ಮನ್ ಅವಳ ಚೀಲ ಬಿಚ್ಚಿಸಿದ. ಮೇಲುಗಡೆ ಅಕ್ಕಿಯ ಗಂಟು, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಅರಿಷಿಣ ಕುಂಕುಮದ ಪೊಟ್ಟಣ, ಹಸಿರು ಖಣ. ಮುದುಕಮ್ಮ ಬೆಳಿಗ್ಗೆಯೇ ತುಂಬಿಟ್ಟದ್ದು. ಹೋಟೆಲಿನಲ್ಲಿ ಸೀರೆಗಳ ಪ್ರದರ್ಶನ ಇದೆ, ಹೊರಗಿನ ಹುಡುಗಿಯರು ಬರುತ್ತಾರೆ ಎಂದಷ್ಟೇ ತ್ರಿವೇಣಿ ಹೇಳಿದ್ದಳು. "ದೂರದಿಂದ ಬಂದ ಹೆಣ್ಮಕ್ಕಳವ್ವಾ, ಯಾರ ತಾಯಿ ಎಲ್ಲಿದ್ದಾಳೋ ಏನೋ. ಬರಿಗೈಲೆ ಹೋಗಬ್ಯಾಡ. ಒಬ್ಬಾಕಿಗರ ಉಡಿ ತುಂಬಿ ಬಾ," ಎಂದು ಮುದುಕಮ್ಮ ಚೀಲ ಕೊಟ್ಟಾಗ ಬೇಡವೆನ್ನಲು ಬಾಯಿ ಬಂದಿರಲಿಲ್ಲ. ದಾರಿಯಲ್ಲಿ ಎಲ್ಲಾದರೂ ಗುಡಿಕಟ್ಟೆಯ ಮೇಲೆ ಇಟ್ಟುಹೋಗೋಣ ಎಂದುಕೊಂಡು ಇಡದೆ ಬಂದಿದ್ದಳು. ವಾಚ್‌ಮನ್ ಅಕ್ಕಿಯ ಗಂಟನ್ನು ಎರಡು ಬೆರಳಿನಿಂದ ಒತ್ತಿ ನೋಡಿ, "ಸೀರಿ ಉಡಸಾಕ ಬಂದೀರೇನ್ರಿ? ಜಲ್ದಿ ಹೋಗ್ರಿ ಒಳಗ, ಆಗಿಂದ ಕೇಳಾಕತ್ಯಾರ," ಎಂದ. ಇಶಾನ್‌ನ ಹೆಸರು ಹೇಳುವ ಪ್ರಸಂಗವೇ ಬರಲಿಲ್ಲ. ತಪ್ಪು ತಿಳಿದ ಮನುಷ್ಯನನ್ನು ತಿದ್ದಬೇಕಿತ್ತು, ತಿದ್ದಲಿಲ್ಲ. ಹೇಗಾದರೂ ಒಳಗೆ ಹೋದರೆ ಸಾಕಾಗಿತ್ತು ಅವಳಿಗೆ.

ಒಳಗೆ ಬಿಳಿಯ ಹೂವಿನ ವಾಸನೆ ಇರಲಿಲ್ಲ. ಮದುವೆಯ ಊಟದ ಹಾಲ್ ಅದು. ಇಸ್ತ್ರಿಯ ಹಬೆ, ಕಾದ ಕೂದಲು, ಯಾರದೋ ಮೊಸರನ್ನದ ಹುಳಿ, ಎಲ್ಲ ಸೇರಿ ಗಾಳಿ ದಪ್ಪಗಾಗಿತ್ತು. ಟಿವಿಯಲ್ಲಿ ನೆಲ ಮುಟ್ಟದ ಹಾಗೆ ನಡೆಯುತ್ತಿದ್ದ ಹುಡುಗಿಯರು ಇಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತು, ಹಿಮ್ಮಡಿಯ ಗುಳ್ಳೆಗಳಿಗೆ ಪಟ್ಟಿ ಅಂಟಿಸಿಕೊಳ್ಳುತ್ತಿದ್ದರು. ಒಬ್ಬಳು ಕೈಗನ್ನಡಿಯಲ್ಲಿ ಹಲ್ಲಿನ ಸಂದಿಯ ಕರಿಬೇವು ತೆಗೆಯುತ್ತಿದ್ದಳು. ಎಲ್ಲವೂ ತಾನು ಬರೆದುದಕ್ಕಿಂತ ಬೇರೆ, ಎಲ್ಲವೂ ಅದಕ್ಕಿಂತ ಚೆಂದ! ಇದನ್ನೇ ಬರೆಯಬೇಕಿತ್ತು, ಈ ಗುಳ್ಳೆಗಳನ್ನು. ವರ್ಷಗಟ್ಟಲೆ ಸುಳ್ಳು ಹೂವು ಮೂಸಿಕೊಂಡು ಕೂತೆನಲ್ಲ ಎಂದು ಹಳಹಳಿಸುವಷ್ಟರಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡ ಹುಡುಗಿಯೊಬ್ಬಳು ಬಂದು, "ಸೀರೆ ಉಡಿಸೋ ಆಂಟಿ ನೀವೇನಾ? ಎಷ್ಟು ಲೇಟು! ಬನ್ನಿ, ಫಿನಾಲೆ ಸೀರೆ ಹಿಡೀರಿ," ಎಂದು ಮೊಳಕೈ ಹಿಡಿದು ಎಳೆದುಕೊಂಡು ಹೋದಳು. ಆಂಟಿ ಎಂಬ ಮಾತು ಚುರುಕ್ಕೆಂದಿತು. ಆದರೂ ಕಾಲು ಅವಳ ಹಿಂದೆಯೇ ಹೋಯಿತು, ಏಕೆಂದರೆ ಆ ಸೀರೆಯನ್ನು ಅವಳು ಆಗಲೇ ಕಂಡಿದ್ದಳು. ಕೆನೆಯ ಬಣ್ಣದ ರೇಷ್ಮೆ. ಅಂಚಿನಲ್ಲಿ ಮಾತ್ರ ಲಂಬಾಣಿ ಕನ್ನಡಿ, ಅದೂ ಹೊರಮುಖವಾಗಿ ಅಲ್ಲ, ಒಳಮುಖವಾಗಿ, ನಡೆದಾಗ ಮಾತ್ರ ಮಿಂಚುವ ಹಾಗೆ. ಕಳ್ಳ, ಎಂದುಕೊಂಡಳು ಪ್ರೀತಿಯಿಂದ. ಹೊಲಿದವರು ಸಂಡೂರಿನ ಹೆಂಗಸರಿರಬೇಕು, ಆದರೆ ತಿರುಗಿಸಿದವನು ಇವನೇ.

ಅದನ್ನು ಉಡಬೇಕಾದ ಹುಡುಗಿ ಎತ್ತರವಾಗಿ, ಕಪ್ಪಗೆ, ಒಂದು ಕಡೆ ನೋಡುತ್ತ ನಿಂತಿದ್ದಳು. ಅವಳನ್ನು ಎಲ್ಲರೂ ಹನಿ ಎನ್ನುತ್ತಿದ್ದರು. ತ್ರಿವೇಣಿ ಮಂಡಿಯೂರಿ ಕೂತು ನೆರಿಗೆ ಹಿಡಿಯತೊಡಗಿದಳು. ಇಂಥ ಬಟ್ಟೆಯನ್ನು ಬೆರಳಿನಿಂದ ಮುಟ್ಟುತ್ತೇನೆಂದು ಅಂದುಕೊಂಡೇ ಇರಲಿಲ್ಲ; ಟಿವಿಯ ಗಾಜಿನ ಮೇಲೆ ಬೆರಳಿಟ್ಟು, ಅಲ್ಲಿ ತಾಗುವ ಸಣ್ಣ ಜುಮುಜುಮುವನ್ನೇ ರೇಷ್ಮೆ ಎಂದುಕೊಂಡಿದ್ದ ಮಧ್ಯಾಹ್ನಗಳೆಷ್ಟೋ. ಪಿನ್ನುಗಳನ್ನು ಸಾಲಾಗಿ ತುಟಿಯಲ್ಲಿ ಕಚ್ಚಿಕೊಂಡಿದ್ದಳು. ಆಗಲೇ ಹಿಂದಿನಿಂದ ಆ ಧ್ವನಿ ಬಂತು. ಅದುವರೆಗೆ ಅಕ್ಷರದಲ್ಲಿ ಮಾತ್ರ ಗೊತ್ತಿದ್ದ ಮನುಷ್ಯನಿಗೆ ಇಷ್ಟು ತೆಳ್ಳಗಿನ ಧ್ವನಿ ಇದ್ದೀತೆಂದು ಅವಳು ಎಣಿಸಿರಲಿಲ್ಲ. "ನೈರಾ ಬಂದ್ರಾ?" ಎಂದು ಇಶಾನ್ ಕೇಳುತ್ತಿದ್ದ. "ಇಲ್ಲ ಸರ್, ಫೋನ್ ನಂಬರೂ ಇಲ್ಲ, ಬರೀ ಮೇಲ್ ಐಡಿ," ಎಂದಳು ವೈರಿನ ಹುಡುಗಿ. "ಬರ್ತಾರೆ, ಬರ್ತೀನಿ ಅಂದಿದ್ದಾರೆ. ಈ ಅಂಚನ್ನ ಯಾಕೆ ಒಳಗೆ ತಿರುಗಿಸಿದೀನಿ ಅಂತ ಇಲ್ಲಿ ಒಬ್ಬರಿಗೂ ಗೊತ್ತಾಗಲ್ಲ. ಅವರಿಗೆ ಗೊತ್ತಾಗುತ್ತೆ. ಅವರಿಗೋಸ್ಕರಾನೇ ಮಾಡಿದ್ದು ಅನ್ಕೋ." ತ್ರಿವೇಣಿಯ ಎದೆ ಬಾಯಿಗೆ ಬಂತು, ಬಾಯಲ್ಲಿ ಪಿನ್ನುಗಳಿದ್ದವು. ಒಂದು ಕೈಯಲ್ಲಿ ನೆರಿಗೆ. ಬಿಟ್ಟರೆ ಎಲ್ಲ ಜಾರುತ್ತದೆ. ಇನ್ನೊಂದು ಕೈಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದಳು, ಅವಸರಕ್ಕೆ ಒಂದು ತುಟಿಗೆ ಚುಚ್ಚಿತು. ತಿರುಗಿ ನೋಡಿದರೆ ಅವನ ಬೆನ್ನು ಆ ತುದಿಯ ಬಾಗಿಲು ದಾಟುತ್ತಿತ್ತು. ಅವಳ ತುಟಿಯ ಮೇಲೆ ರಕ್ತದ ಸಣ್ಣ ಬಿಂದು. ಅದನ್ನು ನಾಲಗೆಯಿಂದ ಒರೆಸಿಕೊಂಡು, ಮತ್ತೆ ಬರುತ್ತಾನೆ, ಆಗ ಹೇಳುತ್ತೇನೆ ಎಂದು ನೆರಿಗೆಗೆ ಮರಳಿದಳು.

ಸೆರಗಿಗೆ ಪಿನ್ನು ಹುಡುಕುವಾಗ ಚೀಲ ಮಗುಚಿಕೊಂಡಿತು. ಕೊಬ್ಬರಿ ಬಟ್ಟಲು ಉರುಳಿ ಹನಿಯ ಹೆಬ್ಬೆರಳಿಗೆ ತಾಗಿ ನಿಂತಿತು. ಅಲ್ಲಿಯತನಕ ಫೋನಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಆಡದ ಹುಡುಗಿ ಫೋನನ್ನು ಕಿವಿಯಿಂದ ಇಳಿಸಿ ಅದನ್ನೇ ನೋಡಿದಳು. ಆಮೇಲೆ ಅಕ್ಕಿಯ ಗಂಟು, ಆಮೇಲೆ ಖಣ.

"ಉಡಿ ಸಾಮಾನೇನ್ರಿ ಅದು?" ಎಂದಳು, ಧ್ವನಿ ತಗ್ಗಿಸಿ.

ತ್ರಿವೇಣಿ ತಲೆಯೆತ್ತಿದಳು. "ಹ್ಞೂನವ್ವಾ. ನಮ್ಮತ್ತಿ ಕೊಟ್ಟು ಕಳಸ್ಯಾರ."

"ಯಾವೂರು ನಿಮ್ದು?"

"ತವರು ಕಂಪ್ಲಿ. ಕೊಟ್ಟಿದ್ದು ಇಲ್ಲೇ."

ಹುಡುಗಿ ಅತ್ತಿತ್ತ ನೋಡಿದಳು. "ನಮ್ದು ಎಮ್ಮಿಗನೂರ್ರೀ ಅಕ್ಕಾರ. ಹೊನ್ನೂರಮ್ಮ ಅಂತ ನನ್ನ ಹೆಸರು. ಇಲ್ಲಿ ಯಾರಿಗೂ ಹೇಳಿಲ್ಲ. ಹೇಳಬ್ಯಾಡ್ರಿ ಮತ್ತ."

"ಊರಿಗೆ ಹೋಗಿ ಬಂದ್ಯಾ?"

"ಯಾವ ಮಾರಿ ಹೊತ್ಕೊಂಡು ಹೋಗ್ಲಿ? ನಮ್ಮಪ್ಪ ಬಾಗಲದಾಗ ನಿಂದರಸ್ತಾನ. ನಾಳಿ ನಸಿಕಿಗೆ ಬಸ್ಸು ನಮ್ದು." ಎಂದವಳು ಮಗುವಿನ ಹಾಗೆ ಕೇಳಿದಳು, "ಅಕ್ಕಾರ, ನನಗ ತುಂಬ್ರಿ. ಭಾಳ ದಿನ ಆತು."

ಬೇಡ ಎನ್ನಬೇಕೆಂದು ತ್ರಿವೇಣಿಗೆ ಅನ್ನಿಸಿತು. ಕೆನೆಬಣ್ಣದ ರೇಷ್ಮೆ, ಕುಂಕುಮ, ಇನ್ನೇನು ಷೋ ಶುರುವಾಗುವ ಹೊತ್ತು. ಯಾವ ಬಟ್ಟೆಗೆ ಯಾವುದು ತಾಗಬಾರದು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವನು ಆ ಹಾಲಿನಲ್ಲಿ ಇಶಾನ್ ಒಬ್ಬನೇ ಇದ್ದ. ಆದರೆ ಹೊನ್ನೂರಮ್ಮ ಆಗಲೇ ಸೆರಗು ಬಿಚ್ಚಿ ಎರಡೂ ಕೈಯಲ್ಲಿ ಮುಂದೆ ಒಡ್ಡಿ ನಿಂತಿದ್ದಳು. ಸೆರಗೊಡ್ಡಿದ ಹೆಣ್ಣಿಗೆ ಇಲ್ಲ ಎನ್ನುವುದನ್ನು ಕಂಪ್ಲಿಯಲ್ಲಿ ಯಾರೂ ಅವಳಿಗೆ ಕಲಿಸಿರಲಿಲ್ಲ. ಖಣ ಇಟ್ಟಳು, ಕೊಬ್ಬರಿ ಬಟ್ಟಲು ಇಟ್ಟಳು, ಎಲೆ ಅಡಿಕೆ ಇಟ್ಟಳು, ಬೊಗಸೆ ಬೊಗಸೆಯಾಗಿ ಅಕ್ಕಿ ಹಾಕಿದಳು. ತನ್ನ ಮದುವೆಯ ಮಾರನೆಯ ದಿನ ಅವ್ವ ಹೀಗೇ ತುಂಬಿ, ಚೆಲ್ಲದ ಹಾಗೆ ನಡಿಯವ್ವಾ ಎಂದು ಕಾರಿನ ತನಕ ಬಂದದ್ದು, ರೈಸ್‌ಮಿಲ್ಲಿನ ಹೊಟ್ಟು ಅಂದು ಗಾಳಿಗೆ ಹಾರಿ ಎಲ್ಲರ ತಲೆಯ ಮೇಲೂ ಕೂತದ್ದು, ಅಂದು ತಾನು ಅತ್ತದ್ದು ಅವ್ವನಿಗಾಗಿ ಅಲ್ಲ, ಎಲ್ಲೋ ಬೇರೆ ಕಡೆ ಹೋಗಬೇಕಿತ್ತು, ಹೊಸಪೇಟೆಗಷ್ಟೇ ಹೋಗುತ್ತಿದ್ದೇನಲ್ಲ ಎಂದು, ಎಲ್ಲ ನೆನಪಾಯಿತು. ಹುಡುಗಿಯ ಕಣ್ಣಲ್ಲಿ ನೀರು ತುಂಬಿ ನಿಂತಿತ್ತು, ಬಣ್ಣ ಕೆಡುತ್ತದೆಂದು ರೆಪ್ಪೆ ಬಡಿಯದೆ ತಡೆದಿದ್ದಳು. ಇವಳು ಅರಿಷಿಣ ಕುಂಕುಮದ ಪೊಟ್ಟಣವನ್ನು ಕಟ್ಟಿದ ಹಾಗೇ ಇಡುವುದು ಬಿಟ್ಟು, ಪದ್ಧತಿ ಪದ್ಧತಿಯೇ ಎಂಬಂತೆ ಬಿಚ್ಚಿದಳು.

"ವಾಟ್ ಇಸ್ ದಿಸ್!" ಎಂದು ವೈರಿನ ಹುಡುಗಿ ಕಿರಿಚಿದ್ದಕ್ಕೆ ಇಬ್ಬರೂ ಬೆಚ್ಚಿದರು. ಪೊಟ್ಟಣ ಜಾರಿತು. ಸೊಂಟದ ಹತ್ತಿರ ಅಂಗೈ ಅಗಲ ಕೆಂಪು, ಅದರ ಸುತ್ತ ಹಳದಿ. ಹಾಲಿನ ಗದ್ದಲ ಒಮ್ಮೆಲೇ ನಿಂತಿತು. ಯಾರೂ ಜೋರಾಗಿ ಮಾತಾಡುವುದಿಲ್ಲ ಎಂದು ನೈರಾ ಬರೆದದ್ದು ಆಗ ನಿಜವಾಯಿತು. ಇಶಾನ್ ಬಂದ. ಕಲೆಯನ್ನು ನೋಡಿದ, ಅವಳನ್ನು ನೋಡಲಿಲ್ಲ.

"ಯಾರು ಮಾಡಿದ್ದು ಇದನ್ನ?"

ಈಗ. ಈಗಲೇ. ಬಾಯಲ್ಲಿ ಪಿನ್ನಿರಲಿಲ್ಲ, ಕೈ ಖಾಲಿಯಿತ್ತು, ಅವನು ಮೂರು ಮೊಳದ ದೂರದಲ್ಲಿ ನಿಂತಿದ್ದ. ನೈರಾ ಅಂದರೆ ನಾನೇ ಎಂದರೆ ಈ ಕಲೆಯೂ ಒಂದು ಕಥೆಯಾಗಿ, ಅವನು ತಲೆ ಮೇಲೆ ಕೈಹೊತ್ತು ನಕ್ಕುಬಿಡಬಹುದಿತ್ತು. ಆದರೆ ನೈರಾ ಇಂಥದ್ದು ಮಾಡುತ್ತಿರಲಿಲ್ಲ. ಕೆನೆಬಣ್ಣದ ರೇಷ್ಮೆಯ ಹತ್ತಿರ ನೈರಾ ಉಸಿರು ಕೂಡ ಹುಷಾರಾಗಿ ಬಿಡುತ್ತಿದ್ದಳು. ಈ ಕೆಂಪು ಬೆರಳುಗಳನ್ನು ತೋರಿಸಿ ತಾನೇ ಅವಳು ಎಂದರೆ ಸುಳ್ಳಾಗುವುದು ತ್ರಿವೇಣಿಯಲ್ಲ, ನೈರಾ. ಅವನು ಅಷ್ಟು ನಂಬಿದ್ದ ನೈರಾ. ತನ್ನಲ್ಲಿ ಇದ್ದ ಒಂದೇ ಒಂದು ಚೆಂದವನ್ನು ತಾನೇ ಎತ್ತಿ ಕೊಚ್ಚೆಗೆ ಹಾಕಿದಂತಾಗುತ್ತದೆ ಅನ್ನಿಸಿತು. ಅವಳು ಹೊನ್ನೂರಮ್ಮನ ಮುಖ ನೋಡಿದಳು. ಹೊನ್ನೂರಮ್ಮ ಗೋಡೆ ನೋಡುತ್ತ ಇಂಗ್ಲಿಷಿನಲ್ಲಿ, ನನಗೆ ಗೊತ್ತಿಲ್ಲ, ಈಕೆ ಯಾರೋ, ಸುಮ್ಮನೆ ತಂದು ಸುರಿದಳು ಎಂದಳು. ಅದು ತಪ್ಪೆಂದು ತ್ರಿವೇಣಿಗೆ ಅನ್ನಿಸಲಿಲ್ಲ. ಹೆಸರು ಬಚ್ಚಿಟ್ಟುಕೊಂಡವರ ಕಷ್ಟ ಇನ್ನೊಬ್ಬ ಬಚ್ಚಿಟ್ಟುಕೊಂಡವಳಿಗೇ ಗೊತ್ತು.

"ತಪ್ಪಾತ್ರಿ," ಎಂದಳು ತ್ರಿವೇಣಿ. ಇಶಾನ್‌ಗೆ ಅವಳು ಜೀವಮಾನದಲ್ಲಿ ಆಡಿದ ಮೊದಲ ಮಾತು ಅದು.

"ಇವರನ್ನ ಕಳಿಸಿ," ಎಂದ ಅವನು, ಸಿಟ್ಟಿಲ್ಲದೆ.

ಹೊರಗಿನ ಹುಲ್ಲುಹಾಸಿನ ಮೇಲೆ ಥರ್ಮಾಕೋಲಿನಲ್ಲಿ ಹಂಪಿಯ ಕಂಬಗಳನ್ನು ನಿಲ್ಲಿಸಿದ್ದರು. ನಿಜವಾದ ಕಂಬಗಳು ಹತ್ತಿರದಲ್ಲೇ ಕತ್ತಲೆಯಲ್ಲಿ ನಿಂತಿದ್ದವು. ಹಿತ್ತಲ ಗಿಡ ಮದ್ದಲ್ಲ. ಹೊತ್ತು ಮುಳುಗಿ ದೀಪ ಹಚ್ಚಿದ್ದರು, ಸಾವಕಾರರ ಬಂಧುಗಳು ಬಂಗಾರ ಹೇರಿಕೊಂಡು ಬಂದು ತುಂಬಿದ್ದರು. ಮನೆಗೆ ಹೋಗಲು ಕಾಲು ಬಾರದೆ ತ್ರಿವೇಣಿ ಮಜ್ಜಿಗೆಯ ಡ್ರಮ್ಮಿನ ಪಕ್ಕ ಕೈ ತೊಳೆಯುತ್ತ ನಿಂತಳು. ಬೆರಳ ಸಂದಿಯ ಕೆಂಪು ಹೋಗಲಿಲ್ಲ. ದೂರದಿಂದ ಮುಂದಿನ ಸಾಲು ಕಾಣುತ್ತಿತ್ತು, ಅದರ ನಡುವೆ ಒಂದು ಕುರ್ಚಿ ಖಾಲಿ. ಬೆನ್ನಿಗೆ ಅಂಟಿಸಿದ ಕಾಗದದ ಮೇಲಿನ ಅಕ್ಷರ ಓದಲು ಆಗುತ್ತಿರಲಿಲ್ಲ, ಓದುವ ಅಗತ್ಯವೂ ಇರಲಿಲ್ಲ. ಯಾರಾದರೂ ಅದರ ಮೇಲೆ ಚೀಲ ಇಡಲು ಹೋದರೆ ಅವಳು ಕೈ ತೊಳೆಯುವುದು ನಿಲ್ಲಿಸಿ ಅತ್ತಲೇ ನೋಡುತ್ತಿದ್ದಳು. ಆಗ ಹೋಟೆಲಿನ ಮೇಲ್ವಿಚಾರಕ ದುರುಗಣ್ಣ ಬೆವರೊರೆಸಿಕೊಳ್ಳುತ್ತ ಅವಳನ್ನು ಕಂಡ. ವೀರೇಶನ ಗೆಳೆಯ, ಮನೆಗೆ ಬಂದು ಹೋಗುವವನು.

"ಅಯ್ಯ, ಅಕ್ಕಾರ, ನೀವಿಲ್ಲಿ! ಚಲೋ ಆತು ನೋಡ್ರಿ. ಬರ್ರಿ ಜರಾ, ಮುಂದೊಂದು ಕುರ್ಚಿ ಖಾಲಿ ಉಳದೈತಿ. ಯಾರೋ ಬೊಂಬಾಯಿ ಮೇಡಮ್ಮಂತ, ಬರಲಿಲ್ಲ. ವಿಡಿಯೋದಾಗ ಖಾಲಿ ಕಂಡ್ರ ಸಾವಕಾರ್ರು ನನ್ನ ಜೀವಾ ತಿಂತಾರ. ನೀವ ಕುಂದ್ರಿ."

"ಬ್ಯಾಡ ದುರುಗಣ್ಣ. ಆಕಿ ಬಂದ್ರ?"

"ಎಲ್ಲಿ ಬರ್ತಾಳ ಬಿಡ್ರಿ. ಅಂಥಾರು ನಮ್ಮೂರಿಗೆ ಬರ್ತಾರೇನು?"

ಹೀಗೆ ತ್ರಿವೇಣಿ ತನ್ನ ಕುರ್ಚಿಯಲ್ಲಿ, ತಾನು ಬರಲಿಲ್ಲವೆಂಬ ಕಾರಣಕ್ಕೆ, ತನ್ನ ಬದಲಿಗೆ ಕೂತಳು. ಕಾಗದ ಮುಚ್ಚುವ ಹಾಗೆ ಹಿಂದಕ್ಕೊರಗಿದಳು. ಆಮೇಲೆ ದೀಪ ಬದಲಾಯಿತು, ಸಂಗೀತ ಮೊಳಗಿತು, ಹುಡುಗಿಯರು ಬಂದರು. ಗುಳ್ಳೆಯ ಕಾಲುಗಳವು ಎಂದು ಅವಳಿಗೆ ಗೊತ್ತಿತ್ತು, ಆದರೂ ನೆಲ ಮುಟ್ಟದ ಹಾಗೆಯೇ ನಡೆದರು. ಗಾಳಿಗೆ ಸೀರೆಯೊಂದರ ತುದಿ ಹಾರಿ ಅವಳ ಮೊಣಕಾಲು ಸವರಿತು. ಇನ್ನು ಸತ್ತರೂ ಚಿಂತೆಯಿಲ್ಲ ಅನ್ನಿಸಿತು. ಸಾಯಲಿ ಬಿಡಲಿ, ಇದು ಮುಗಿಯಬಾರದು, ಮುಗಿದರೆ ಎದ್ದು ಮನೆಗೆ ಹೋಗಬೇಕು ಎಂದೂ ಅನ್ನಿಸಿತು.

ಕೊನೆಯಲ್ಲಿ ಹನಿ ಬಂದಳು. ಕಲೆ ಕಾಣದ ಹಾಗೆ ಸೆರಗನ್ನು ಮುಂದಕ್ಕೆ ತಂದು, ಮಡಿಸಿ, ಸೊಂಟದಲ್ಲಿ ಒಂದು ಕೈಯಿಂದ ಹಿಡಿದಿದ್ದಳು. ಹಾಗೆ ಹಿಡಿದದ್ದರಿಂದ ನಡಿಗೆ ನಿಧಾನವಾಗಿತ್ತು, ಬೇರೆ ಹುಡುಗಿಯರ ನಡಿಗೆಯಂತಿರಲಿಲ್ಲ. ತುಂಬಿದ ಉಡಿಯನ್ನು ತವರಿನ ಹೊಸ್ತಿಲಿನಿಂದ ಹೊತ್ತು ನಡೆಯುವ ಹೆಣ್ಣಿನದಾಗಿತ್ತು. ಅಂಚು ತಿರುಗಿ ಒಳಗಿನ ಕನ್ನಡಿಗಳು ಮಿಂಚಿದವು. ಜನ ಉಸಿರು ಬಿಗಿಹಿಡಿದರು. ತುದಿಯಲ್ಲಿ ನಿಂತು, ಎಲ್ಲರ ತಲೆಯ ಮೇಲಿಂದ ಎಲ್ಲೋ ನೋಡಿ, ತಿರುಗುವಾಗ ಮಡಿಕೆಯಲ್ಲಿ ಉಳಿದಿದ್ದ ಹಿಡಿಯಷ್ಟು ಅಕ್ಕಿ ಸರ್ರನೆ ಉದುರಿತು. ಚಪ್ಪಾಳೆಯಲ್ಲಿ ಆ ಸದ್ದು ಯಾರಿಗೂ ಕೇಳಲಿಲ್ಲ. ಹಿಂದೆ ಉಳಿದ ಹುಡುಗಿಯರೆಲ್ಲ ಸಾಲುಗಟ್ಟಿ ಬರುತ್ತಿದ್ದರು. ಎತ್ತರದ ಹಿಮ್ಮಡಿಗಳು, ಉಡಿಯ ಅಕ್ಕಿ. ತುಳಿಯಬಾರದು. ತ್ರಿವೇಣಿ ಯೋಚಿಸಲಿಲ್ಲ, ಕುರ್ಚಿಯಿಂದ ಅರ್ಧ ಎದ್ದು ಬಾಗಿ ರ್‍ಯಾಂಪಿನ ಅಂಚಿನಿಂದ ಅಕ್ಕಿಯನ್ನು ಬಳಿದು ಸೆರಗಿಗೆ ಹಾಕಿಕೊಳ್ಳತೊಡಗಿದಳು. ಕ್ಯಾಮೆರಾ ಬೆಳಕು ಕಣ್ಣಿಗೆ ಹೊಡೆಯಿತು. ಯಾರೋ ನಕ್ಕರು. ಕೈಮುಗಿಯುತ್ತ ಬಂದ ಇಶಾನ್ ಅವಳನ್ನು ಬಳಸಿಕೊಂಡು ದಾಟಿಹೋದ.

ಮಾರನೆಯ ಮಧ್ಯಾಹ್ನ ಗವುಸು ತೆಗೆದಾಗ ಅವನ ಮೇಲ್ ಬಂದಿತ್ತು. 'ನೀವು ಬರಲಿಲ್ಲ. ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಫೋಟೋಗಳನ್ನು ಕಳಿಸಿದ್ದೇನೆ, ನೋಡಿ ಬರೆಯಿರಿ. ಕೊನೆಯದನ್ನು ನೋಡಿದರೆ ನಗುತ್ತೀರಿ. ನಿಮ್ಮ ಕುರ್ಚಿಯಲ್ಲಿ ಯಾರನ್ನೋ ತಂದು ಕೂರಿಸಿದ್ದರು, ಆಕೆ ನನ್ನ ಫಿನಾಲೆಯ ನಡುವೆ ಅಕ್ಕಿ ಆರಿಸುತ್ತಿದ್ದಾಳೆ. ಇಂಥ ಊರು!'

ಫೋಟೋ ಮೇಲಿನಿಂದ ಕೆಳಕ್ಕೆ ಇಷ್ಟಿಷ್ಟಾಗಿ ಬಿಚ್ಚಿಕೊಂಡಿತು. ಥರ್ಮಾಕೋಲಿನ ಕಂಬ, ಕೆನೆಬಣ್ಣದ ಬೆನ್ನು, ದೀಪ, ಆಮೇಲೆ ಒಬ್ಬ ಹೆಂಗಸು. ಬೈತಲೆ ತುಸು ಸೊಟ್ಟಗಾಗಿದೆ. ಒಂದು ಕೈ ನೆಲದ ಮೇಲೆ, ಇನ್ನೊಂದು ಕೈಯಲ್ಲಿ ಸೆರಗು, ಮುಖ ಮಾತ್ರ ಮೇಲೆತ್ತಿ ಹೋಗುತ್ತಿರುವವಳನ್ನು ನೋಡುತ್ತಿದ್ದಾಳೆ. ಆ ಮುಖದಲ್ಲಿದ್ದ ಆಸೆಯನ್ನು ಕಂಡು ತ್ರಿವೇಣಿಗೆ ನಾಚಿಕೆಯಾಗಲಿಲ್ಲ, ಕನಿಕರವಾಯಿತು, ಅಪ್ಪಿಕೊಳ್ಳಬೇಕೆನ್ನಿಸಿತು. ನೈರಾ ಇಂಥವರ ಬಗ್ಗೆ ಎರಡು ಚುರುಕಾದ ಸಾಲು ಬರೆದು ಲೋಕವನ್ನೆಲ್ಲ ನಗಿಸಬಲ್ಲವಳು. ಕೊನೆಗೆ, 'ಆಕೆ ಯಾರು? ಹೆಸರು ಕೇಳಿದಿರಾ?' ಎಂದಷ್ಟೇ ಬರೆದು ಕಳಿಸಿದಳು.

ಅವನು ಎದುರಿಗೇ ಕೂತಿದ್ದನೇನೋ, ಉತ್ತರ ಆಗಲೇ ಬಂತು. 'ಗೊತ್ತಿಲ್ಲ. ಕೇಳಲಿಲ್ಲ. ಯಾಕೆ?'

ರಸ್ತೆಯಲ್ಲಿ ಟಿಪ್ಪರ್ ಹೋಗಿ ಕಿಟಕಿಯ ಗಾಜು ನಡುಗಿತು. ತ್ರಿವೇಣಿ ತನ್ನ ಹೆಸರಿನ ಮೊದಲ ಅಕ್ಷರ ಒತ್ತಿದಳು. ಅಳಿಸಿದಳು. ಕಣ್ಣೊರೆಸಿಕೊಂಡು ಫೋಟೋವನ್ನು ಇನ್ನೊಮ್ಮೆ, ಬೇರೆಯವರ ಫೋಟೋ ನೋಡುವ ಹಾಗೆ, ಬಟ್ಟೆ ಬಲ್ಲವಳ ಕಣ್ಣಿನಿಂದ ನೋಡಿದಳು. ಆಮೇಲೆ ಬರೆದಳು: 'ಏನಿಲ್ಲ. ಆ ಕುರ್ಚಿ ಆಕೆಗೆ ಒಪ್ಪುತ್ತದೆ ಅನ್ನಿಸಿತು.'